ಸುಮ್ನೆ ನಿಂತವರು

ಟಿವಿ ಕಾರ್ಟೂನೊಂದನ್ನು ಸಿನಿಮಾ ಮಾಡುವ ಕೆಲಸ ಶುರುವಾದ ಮೊದಲ ವಾರ ನಮಗ್ಯಾರಿಗೂ ಪೆನ್ ಮುಟ್ಟಲು ಬಿಡಲಿಲ್ಲ. ಸ್ಟುಡಿಯೊದ ಸಣ್ಣ ಪ್ರೊಜೆಕ್ಷನ್ ರೂಮಿನಲ್ಲಿ ಕೂರಿಸಿ ಸಿನಿಮಾ ತೋರಿಸಿದರು. ಟಿವಿ ಕಾರ್ಟೂನುಗಳಿಂದ ಹುಟ್ಟಿದ ಸಿನಿಮಾಗಳು ಮಾತ್ರ. ಮೊದಲನೆಯದು 2007ರ ‘ದ ಸಿಂಪ್ಸನ್ಸ್ ಮೂವಿ’. ಅದರ ಶುರುವಿನಲ್ಲೇ ಒಂದು ತಮಾಷೆ ಇದೆ. ಸಿಂಪ್ಸನ್ ಕುಟುಂಬ ಥಿಯೇಟರಿನಲ್ಲಿ ಕೂತು ಒಂದು ಕಾರ್ಟೂನ್ ಸಿನಿಮಾ ನೋಡುತ್ತಿರುತ್ತದೆ. ಅಪ್ಪ ಹೋಮರ್ ಎದ್ದು ನಿಂತು ತಗಾದೆ ತೆಗೆಯುತ್ತಾನೆ. ಮನೆ ಟಿವಿಯಲ್ಲಿ ಬಿಟ್ಟಿ ಸಿಗೋದನ್ನು ಇಲ್ಲಿ ದುಡ್ಡು ಕೊಟ್ಟು ನೋಡುತ್ತಿದ್ದೇವಲ್ಲ, ಇಲ್ಲಿ ಕೂತವರೆಲ್ಲ ಪೆದ್ದರು ಅಂತ. ಆಮೇಲೆ ಪರದೆಯಿಂದಾಚೆ, ನಮ್ಮ ಕಡೆಗೇ ಬೆರಳು ತೋರಿಸುತ್ತಾನೆ.

ಎಲ್ಲರೂ ನಕ್ಕೆವು. ನಮ್ಮ ಸೂಪರ್‌ವೈಸರ್ ಸಿನಿಮಾ ನಿಲ್ಲಿಸಿದರು. ‘ಈ ಮನುಷ್ಯ ಕೇಳಿದ್ದಕ್ಕೆ ಎರಡು ವರ್ಷ ನೀವು ಉತ್ತರ ಕೊಡಬೇಕು’ ಅಂದರು. ಅವರಿಗೆ ಇಂಥ ಡೈಲಾಗ್ ಹೊಡೆಯುವ ಚಟ ಇತ್ತು. ಹಾಗಾಗಿ ನಾನು ಅದನ್ನು ಅಷ್ಟು ಮನಸ್ಸಿಗೆ ತಗೊಳ್ಳಲಿಲ್ಲ.

ನಾವು ಮಾಡಿದ ಸಿನಿಮಾದ ಹೆಸರು ಹೇಳುವ ಹಾಗಿಲ್ಲ. ಸಹಿ ಹಾಕಿ ಕೊಟ್ಟಿದ್ದೇನೆ. ಇಷ್ಟು ಹೇಳಬಹುದು. ಅಮೆರಿಕದ ಟಿವಿಯಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಓಡಿದ ಹಾಸ್ಯದ ಕಾರ್ಟೂನು ಅದು. ಒಂದು ಮನೆ, ಒಂದು ಬೀದಿ, ಒಂದಷ್ಟು ತಲೆಕೆಟ್ಟ ನೆರೆಹೊರೆಯವರು. ಕತೆ ಅಲ್ಲಿ ಬರೆಯುತ್ತಾರೆ. ದನಿ ಅಲ್ಲೇ ರೆಕಾರ್ಡ್ ಆಗುತ್ತದೆ. ದೃಶ್ಯಗಳನ್ನು ಒಂದೊಂದಾಗಿ ಬಿಡಿಸಿಟ್ಟ ಸ್ಟೋರಿಬೋರ್ಡ್ ಕೂಡ ಅಲ್ಲಿಂದಲೇ ಬರುತ್ತದೆ. ಆ ಗೊಂಬೆಗಳನ್ನು ಅಲ್ಲಾಡಿಸುವುದು ಬೆಂಗಳೂರಿನಲ್ಲಿ ನಮ್ಮ ಕೆಲಸ. ಸಿನಿಮಾ ಬರುವ ಹೊತ್ತಿಗೆ ಆರು ವರ್ಷ ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದೆ. ಆ ಮನೆಯ ಫ್ರಿಜ್ಜಿನ ಬಾಗಿಲಿಗೆ ಎಷ್ಟು ಮ್ಯಾಗ್ನೆಟ್ ಅಂಟಿಸಿದ್ದಾರೆ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ.

ನಾನು ಹೊನ್ನಾವರದ ಕಡೆಯವಳು. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಪೇಂಟಿಂಗ್ ಕಲಿತೆ. ಜಲವರ್ಣದಲ್ಲಿ ಶರಾವತಿ ಬಿಡಿಸಿಕೊಂಡು ಇದ್ದುಬಿಡೋಣ ಅಂದುಕೊಂಡಿದ್ದೆ. ಹೊಟ್ಟೆಪಾಡು ಬೆಂಗಳೂರಿಗೆ ಕರಕೊಂಡು ಬಂತು. ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ ‘ಕಾರ್ಟೂನ್ ಕುಣಿಸ್ತಾಳೆ’ ಅನ್ನುತ್ತಾರೆ. ಅಪ್ಪ ಕೂತು ಮಾತಿನಲ್ಲೇ ಕತೆ ಕಟ್ಟುವ ತಾಳಮದ್ದಳೆಯ ಹುಚ್ಚಿನವರು. ಅವರ ಮಟ್ಟಿಗೆ ಕುಣಿಸುವುದು ಮಾತಿಗಿಂತ ಒಂದು ಮೆಟ್ಟಿಲು ಕೆಳಗೆ.

ಟಿವಿ ಕಾರ್ಟೂನು ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನನ್ನ ಮುಂದಿನ ಗೋಳು ಅರ್ಥವಾಗುವುದಿಲ್ಲ. ಪ್ರತಿ ಪಾತ್ರಕ್ಕೂ ಒಂದು ರಿಗ್ ಇರುತ್ತದೆ. ತೊಗಲುಗೊಂಬೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಲೆ ಬೇರೆ, ತೋಳು ಬೇರೆ, ಮೊಣಕೈಯಿಂದ ಕೆಳಗಿನ ತುಂಡು ಬೇರೆ. ಎಲ್ಲಕ್ಕೂ ಕಂಪ್ಯೂಟರಿನಲ್ಲಿ ಕೀಲು ಹಾಕಿಟ್ಟಿರುತ್ತೇವೆ. ಬಾಯಿಗೆ ಒಂದು ಚಾರ್ಟು. ಅಗಲ ತೆರೆಯುವ ಬಾಯಿ, ದುಂಡಗಾಗುವ ಬಾಯಿ, ತುಟಿ ಕೂಡುವ ಪ-ಬ-ಮ, ಹಲ್ಲು ತುಟಿಗೆ ತಾಗುವ ಬಾಯಿ, ಹೀಗೆ ಎಂಟೊಂಬತ್ತು. ದನಿ ಕೇಳಿಸಿಕೊಂಡು ಒಂದೊಂದೇ ಬಾಯಿ ಬದಲಿಸುತ್ತಾ ಹೋಗುವುದು ಲಿಪ್‌ಸಿಂಕ್. ಸೆಕೆಂಡಿಗೆ 24 ಫ್ರೇಮು. ಒಂದೊಂದು ಪೋಸನ್ನು ಎರಡೆರಡು ಫ್ರೇಮು ನಿಲ್ಲಿಸಿದರೆ 12ರಲ್ಲಿ ಸುಧಾರಿಸಬಹುದು. ಅರ್ಧ ಗಂಟೆಯ ಎಪಿಸೋಡು ಅಂದರೆ ಜಾಹೀರಾತು ಕಳೆದು 22 ನಿಮಿಷ, ಅಂದರೆ 31,680 ಫ್ರೇಮು. ತಿಂಗಳು ತಿಂಗಳು ಇಷ್ಟು ಹೊರಗೆ ಹೋಗಬೇಕು. ನನ್ನ ಕೋಟಾ ವಾರಕ್ಕೆ 30 ಸೆಕೆಂಡು.

ಆ 30 ಸೆಕೆಂಡು ಮುಟ್ಟಬೇಕಾದರೆ ಒಂದೇ ದಾರಿ. ಯಾರು ಮಾತಾಡುತ್ತಾರೋ ಅವರನ್ನು ಮಾತ್ರ ಅಲ್ಲಾಡಿಸಬೇಕು. ಉಳಿದವರು ಸುಮ್ನೆ ನಿಂತಿರಬೇಕು. ಇದಕ್ಕೆ ನಾವು ಹೋಲ್ಡ್ ಅನ್ನುತ್ತೇವೆ. ಊಟದ ಮೇಜಿನ ಸುತ್ತ ಆರು ಜನ ಕೂತಿದ್ದಾರೆ ಅನ್ನಿ. ಅಮ್ಮ ಮಾತಾಡುತ್ತಾಳೆ, ಐವರು ಹೋಲ್ಡ್. ಮಗ ಬಾಯಿ ತೆರೆದ ಕೂಡಲೇ ಅಮ್ಮನೂ ಹೋಲ್ಡ್. ಮನೆಯಲ್ಲಿ ಟಿವಿ ನೋಡುವವರು ಇದನ್ನು ಗಮನಿಸುವುದೇ ಇಲ್ಲ. ಒಂದು ಕಣ್ಣು ಪರದೆ ಮೇಲೆ, ಇನ್ನೊಂದು ಫೋನಿನ ಮೇಲೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಮಾತು ಯಾರ ಬಾಯಿಂದ ಬಂತೋ ಕಣ್ಣು ಅಲ್ಲಿಗೇ ಹೋಗುತ್ತದೆ. ನಾನು ಆರು ವರ್ಷ ಇದನ್ನೇ ನಂಬಿಕೊಂಡು ಸಂಬಳ ತಗೊಂಡಿದ್ದೆ.

ಕತೆಯ ವಿಷಯ ನಮ್ಮ ಕೈಯಲ್ಲಿರಲಿಲ್ಲ. ಆದರೂ ಅದರ ಒದ್ದಾಟ ನಮ್ಮವರೆಗೂ ಬರುತ್ತಿತ್ತು. ನಾಲ್ಕು ಎಪಿಸೋಡು ಅಂಟಿಸಿದರೆ ಸಿನಿಮಾ ಆಗುತ್ತದಲ್ವಾ ಅಂತ ನಾನೂ ಒಂದು ಸಲ ಕೇಳಿದ್ದೆ. ಆಗುವುದಿಲ್ಲ. ಟಿವಿಯ ಕತೆಗೆ ಜಾಹೀರಾತೇ ಬೆನ್ನುಮೂಳೆ. ಪ್ರತಿ ಬ್ರೇಕಿಗೆ ಮುಂಚೆ ಒಂದು ಎಳೆತ, ಬ್ರೇಕಾದ ಮೇಲೆ ಹೊಸ ಉಸಿರು. ಕೊನೆಗೆ ಎಲ್ಲವೂ ಮೊದಲಿದ್ದ ಜಾಗಕ್ಕೆ ವಾಪಸ್. ಮನೆ ಸುಟ್ಟರೂ ಮುಂದಿನ ವಾರಕ್ಕೆ ಮನೆ ರೆಡಿ. ಸಿನಿಮಾಕ್ಕೆ ಬಂದವರು ಒಂದೂವರೆ ಗಂಟೆ ಕತ್ತಲಲ್ಲಿ ಕೂರುತ್ತಾರೆ. ಇವರಿಗೇನೋ ಆಗುತ್ತದೆ, ಆದದ್ದು ಉಳಿಯುತ್ತದೆ ಅನ್ನಿಸದಿದ್ದರೆ ಯಾಕೆ ಕೂರಬೇಕು? ಆದರೆ ನಿಜವಾಗಿ ಏನೂ ಉಳಿಯಬಾರದು. ಯಾಕೆಂದರೆ ಅಕ್ಟೋಬರಿನಲ್ಲಿ ಟಿವಿಯ ಹೊಸ ಸೀಸನ್ ಇದೆ!

ಸಿಂಪ್ಸನ್ಸ್ ತಂಡ ಈ ಗಂಟು ಬಿಡಿಸಲು ತಗೊಂಡ ಸಮಯ ನೋಡಿ. ಧಾರಾವಾಹಿ ಶುರುವಾಗಿದ್ದು 1989ರ ಡಿಸೆಂಬರಿನಲ್ಲಿ. ಸಿನಿಮಾ ಬಂದಿದ್ದು 2007ರ ಜುಲೈಯಲ್ಲಿ. ನಡುವೆ ಆಲೋಚನೆ ಬರದೇ ಇರಲಿಲ್ಲ. 1992ರಲ್ಲಿ ಬಂದ ‘ಕ್ಯಾಂಪ್ ಕ್ರಸ್ಟಿ’ ಅನ್ನುವ ಎಪಿಸೋಡನ್ನೇ ಸಿನಿಮಾ ಮಾಡೋಣ ಅಂತ ಧಾರಾವಾಹಿಯ ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಹೇಳಿದ್ದರಂತೆ. ಆದರೆ ಅದನ್ನು ಒಂದು ಎಪಿಸೋಡಿನಷ್ಟು ಎಳೆಯುವುದೇ ಕಷ್ಟವಾಗಿತ್ತು. ಇನ್ನು ಎಂಬತ್ತು ನಿಮಿಷಕ್ಕೆ ಎಲ್ಲಿಂದ ತರುವುದು? ಕೊನೆಗೆ ಸಿನಿಮಾ ಆದಾಗ ಕತೆಗೆ 11 ಜನರ ಹೆಸರು ಹಾಕಿದರು. ನೂರಕ್ಕೂ ಹೆಚ್ಚು ಸಲ ತಿದ್ದಿ ಬರೆದರು. ಇಷ್ಟಾಗಿ ಸಿನಿಮಾದ ಉದ್ದ 87 ನಿಮಿಷ. ಮೊದಲ ದಿನಗಳಿಂದಲೂ ಜೊತೆಗಿದ್ದ ಅನಿಮೇಟರ್ ಡೇವಿಡ್ ಸಿಲ್ವರ್‌ಮನ್ ನಡುವೆ ಪಿಕ್ಸಾರ್ ಸ್ಟುಡಿಯೊಗೆ ಹೋಗಿದ್ದವರು, ಮರಳಿ ಬಂದು ನಿರ್ದೇಶಿಸಿದರು.

ಅದರಲ್ಲಿ ಹೆಂಡತಿ ಮಾರ್ಜ್ ಗಂಡನಿಗೆ ವಿಡಿಯೊದಲ್ಲಿ ಒಂದು ಮಾತು ಬಿಟ್ಟು ಹೋಗುತ್ತಾಳೆ. ನಗುವಿಲ್ಲದ ದೃಶ್ಯ. ಅದಕ್ಕೆ ದನಿ ಕೊಟ್ಟ ಜೂಲಿ ಕ್ಯಾವ್ನರ್ ನೂರಕ್ಕೂ ಹೆಚ್ಚು ಟೇಕ್ ಕೊಟ್ಟರಂತೆ. ಪ್ರೊಜೆಕ್ಷನ್ ರೂಮಿನಲ್ಲಿ ನಾವು ಆ ದೃಶ್ಯವನ್ನು ಮೂರು ಸಲ ನೋಡಿದೆವು. ಅದೇ ಹಳದಿ ಮುಖ, ಅದೇ ನೀಲಿ ಗೋಪುರದ ತಲೆ. ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಆದರೂ ಅವಳು ಹೋಲ್ಡಿನಲ್ಲಿಲ್ಲ. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಜಪಾನಿನವರು ಟಿವಿ ಕತೆಯನ್ನು ಸಿನಿಮಾ ಮಾಡಲು ತಲೆಯೇ ಕೆಡಿಸಿಕೊಂಡಿಲ್ಲ. ಡೋರೆಮಾನ್‌ಗೆ 1980ರಿಂದ, ಶಿನ್-ಚಾನ್‌ಗೆ 1993ರಿಂದ ಹೆಚ್ಚುಕಡಿಮೆ ವರ್ಷಕ್ಕೊಂದು ಸಿನಿಮಾ. ಹಬ್ಬದ ಹಾಗೆ. ನಮ್ಮಲ್ಲಿ 2008ರಲ್ಲಿ ಟಿವಿಗೆ ಬಂದ ಛೋಟಾ ಭೀಮ್ 2012ರಲ್ಲಿ ಥಿಯೇಟರಿಗೆ ಬಂದ. ಮೋಟು ಪತ್ಲು ತ್ರೀಡಿ ಸಿನಿಮಾ 2016ರಲ್ಲಿ. ಇವೆಲ್ಲ ಮಕ್ಕಳ ಕತೆ, ಮಕ್ಕಳು ಹಠ ಮಾಡಿದರೆ ಅಪ್ಪ ಅಮ್ಮ ಟಿಕೆಟ್ ತಗೊಳ್ಳುತ್ತಾರೆ. ದೊಡ್ಡವರ ಹಾಸ್ಯದ ಕಾರ್ಟೂನಿಗೆ ಹಠ ಮಾಡುವವರು ಯಾರೂ ಇರುವುದಿಲ್ಲ. 1999ರ ಸೌತ್ ಪಾರ್ಕ್ ಸಿನಿಮಾ ಅದಕ್ಕೊಂದು ಅಡ್ಡದಾರಿ ಹಿಡಿಯಿತು. ಟಿವಿಯಲ್ಲಿ ಬೀಪ್ ಹಾಕುವ ಬೈಗುಳವನ್ನೆಲ್ಲ ಥಿಯೇಟರಿನಲ್ಲಿ ಬಿಚ್ಚಿಬಿಟ್ಟರು. ಬೈಗುಳದ ಲೆಕ್ಕ 399 ಅಂತ ಗಿನ್ನೆಸ್ ದಾಖಲೆಗೂ ಸೇರಿತು. ಹೋಮರನ ಪ್ರಶ್ನೆಗೆ ಅದೂ ಒಂದು ಉತ್ತರವೇ. ನಮ್ಮ ಕಾರ್ಟೂನಿನವರು ಮರ್ಯಾದಸ್ಥರು, ಆ ದಾರಿ ನಮಗಿರಲಿಲ್ಲ.

ನಮ್ಮ ಕೆಲಸ 2019ರ ಮಳೆಗಾಲದಲ್ಲಿ ಶುರುವಾಯಿತು. ಮೊದಲ ಪೆಟ್ಟು ಬಿದ್ದದ್ದು ಬೀದಿಗೆ. ಟಿವಿಯ ಚೌಕಟ್ಟು 16ಕ್ಕೆ 9. ಸಿನಿಮಾದ್ದು ಸ್ಕೋಪ್, 2.39ಕ್ಕೆ 1. ಹಳೆಯ ಬೀದಿಯ ಚಿತ್ರವನ್ನು ಅದರೊಳಗೆ ಇಟ್ಟರೆ ಎಡಬಲ ಎರಡೂ ಕಡೆ ಖಾಲಿ. ಹತ್ತು ವರ್ಷ ಆ ಬೀದಿಗೆ ತುದಿಯೇ ಬೇಕಾಗಿರಲಿಲ್ಲ. ಪಕ್ಕದ ಮನೆಯಾಚೆ ಏನಿದೆ? ಯಾರಿಗೂ ಗೊತ್ತಿಲ್ಲ. ಹಳೆಯ ಎಪಿಸೋಡುಗಳನ್ನು ಹುಡುಕಿದರೆ ಇನ್ನೂ ಮಜಾ. ಒಂದರಲ್ಲಿ ಅಂಚೆ ಕಚೇರಿ ಮನೆಯ ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕಿದೆ. ಮೂರನೆಯದರಲ್ಲಿ ಅದಿರಬೇಕಾದ ಜಾಗದಲ್ಲಿ ಕೆರೆ ಇದೆ. ಟಿವಿಯಲ್ಲಿ ಆಯಾ ವಾರದ ಜೋಕಿಗೆ ಎಲ್ಲಿ ಬೇಕೋ ಅಲ್ಲಿ ಕಟ್ಟಿಬಿಡುತ್ತಿದ್ದರು. ಸಿನಿಮಾದಲ್ಲಿ ಕ್ಯಾಮೆರಾ ಒಂದೇ ಶಾಟಿನಲ್ಲಿ ಮನೆಯಿಂದ ಅಂಚೆ ಕಚೇರಿಗೆ ಹಾರಿಹೋಗಬೇಕು. ಅಲ್ಲಿಯವರು ಕೂತು ಊರಿನ ನಕ್ಷೆ ಬರೆದು ಕಳಿಸಿದರು. ಆರು ವರ್ಷ ಬದುಕಿದ ಊರಿನ ನಕ್ಷೆಯನ್ನು ನಾನು ಆಗ ಮೊದಲ ಸಲ ನೋಡಿದೆ. ಅಂಚೆ ಕಚೇರಿ ಬಲಕ್ಕೆ ಬಂತು. ಕೆರೆ ಊರಾಚೆ ಹೋಯಿತು.

ಎರಡನೆಯದು ಮೂಲೆಮನೆಯ ಮುದುಕ. ಈತನ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಈತ ಬೇಲಿಯ ಹಿಂದೆ ಕೂತು ಹೋಗಿಬರುವವರನ್ನು ನೋಡುವ ಮನುಷ್ಯ. ಪ್ರತಿ ಎರಡು ಮೂರು ಎಪಿಸೋಡಿಗೊಮ್ಮೆ ಒಂದು ಸಾಲು ಗೊಣಗುತ್ತಾನೆ. ಅಷ್ಟೇ ಪಾತ್ರ. ಸಿನಿಮಾದ ಕತೆ ಬರೆದವರಿಗೆ ಒಂದು ಒಳ್ಳೆಯ ಯೋಚನೆ ಬಂತು. ಊರಿಗೆ ಆಪತ್ತು ಬಂದಾಗ ಈತ ಎದ್ದು ಬೇಲಿಯಾಚೆ ಬರಬೇಕು. ಓದುವಾಗ ನನಗೂ ಜುಮ್ ಅಂದಿತು. ಶಾಟ್ ನನ್ನ ಪಾಲಿಗೆ ಬಂತು. ರಿಗ್ ತೆರೆದೆ. ಮುದುಕನಿಗೆ ಕಾಲೇ ಇಲ್ಲ!

ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ಯಾವತ್ತೂ ಬೇಕಾಗಿರಲಿಲ್ಲ, ಯಾರೂ ಬರೆದಿರಲಿಲ್ಲ. ಪಾತ್ರದ ಮೂಲ ಚಿತ್ರ ಇರುವ ಮಾಡೆಲ್ ಶೀಟ್ ಹುಡುಕಿಸಿದೆವು. ಅದರಲ್ಲೂ ಅರ್ಧವೇ. ಲಾಸ್ ಏಂಜಲೀಸಿಗೆ ಮೇಲ್ ಹೋಯಿತು. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಒಂದು ಪ್ರಶ್ನೆಗೆ ಒಂದು ದಿನ. ಪ್ಯಾಂಟಿನ ಬಣ್ಣ ಯಾವುದು? ಒಂದು ದಿನ. ಶೂ ಹಾಕುತ್ತಾನೋ ಚಪ್ಪಲಿಯೋ? ಇನ್ನೊಂದು ದಿನ. ಅವನ ನಡಿಗೆ ಹೇಗೆ? ಇದಕ್ಕೆ ಒಂದು ವಾರ ಹಿಡಿಯಿತು, ಯಾಕೆಂದರೆ ಅಲ್ಲಿ ಇದರ ಮೇಲೆ ಮೀಟಿಂಗ್ ನಡೆಯಿತು. ಕೆಲವರ ಪ್ರಕಾರ ಕುಂಟಬೇಕು. ಕೆಲವರ ಪ್ರಕಾರ ಇಷ್ಟು ವರ್ಷ ಕೂತೇ ಇದ್ದವನು ಎದ್ದಾಗ ಎಲ್ಲರಿಗಿಂತ ಚುರುಕಾಗಿ ನಡೆಯುವುದೇ ಜೋಕು. ಕೊನೆಗೆ ಎರಡನೆಯದು ಗೆದ್ದಿತು. ಕಂದು ಪ್ಯಾಂಟು, ಮನೆಯೊಳಗಿನ ಮೆತ್ತನೆ ಚಪ್ಪಲಿ. ಚಪ್ಪಲಿ ನನ್ನ ಸಲಹೆ. ಇದೊಂದು ನನ್ನ ಜಂಬ.

ಕಾಲು ಬಂದ ಮೇಲೆ ಅವನ ಎತ್ತರ ಸಮಸ್ಯೆ. ಬೇಲಿಯ ಹಿಂದೆ ಕೂತಾಗ ಅವನ ತಲೆ ಮನೆಯ ಅಪ್ಪನ ಭುಜಕ್ಕೆ ಬರುತ್ತಿತ್ತು. ಎದ್ದು ನಿಂತರೆ ಬಾಗಿಲಿಗಿಂತ ಎತ್ತರ. ಹತ್ತು ವರ್ಷ ಅವನನ್ನು ಪೆಟ್ಟಿಗೆಯ ಮೇಲೆ ಕೂರಿಸಿದ್ದರೋ, ಹಳ್ಳದಲ್ಲಿ ಕೂರಿಸಿದ್ದರೋ ದೇವರೇ ಬಲ್ಲ. ಇದನ್ನು ಹೇಗೆ ಸರಿಮಾಡಿದೆವು ಅಂತ ಹೇಳಿದರೆ ಶಾಟ್ ನೋಡುವಾಗ ನಿಮಗದೇ ಕಾಣುತ್ತದೆ. ಬಿಡಿ.

ಜನವರಿಯಲ್ಲಿ ಮೊದಲ ಹನ್ನೆರಡು ನಿಮಿಷ ಸಿದ್ಧವಾಯಿತು. ಒಂದು ಬೆಳಗ್ಗೆ ಏಳಕ್ಕೆ ನಿಜವಾದ ಥಿಯೇಟರ್ ಗೊತ್ತುಮಾಡಿ ನಮಗೆ ತೋರಿಸಿದರು. ಅಲ್ಲಿಯವರೆಗೆ ನಾವು ನೋಡಿದ್ದೆಲ್ಲ 24 ಇಂಚಿನ ಮಾನಿಟರಿನಲ್ಲಿ. ಫೋನ್‌ಗಳನ್ನು ಹೊರಗೇ ಇಸಕೊಂಡರು. ಚಳಿ, ಕೈಯಲ್ಲಿ ಕಾಫಿ, ಎಲ್ಲರಿಗೂ ಖುಷಿ. ದೀಪ ಆರಿತು.

ಊಟದ ಮೇಜಿನ ದೃಶ್ಯ. ಆರು ಜನ. ಅಮ್ಮ ಮಾತಾಡುತ್ತಿದ್ದಾಳೆ. ನಾನು ಮಾಡಿದ ಶಾಟೇ, ಲಿಪ್‌ಸಿಂಕ್ ಚೊಕ್ಕವಾಗಿತ್ತು. ಆದರೆ ನನ್ನ ಕಣ್ಣು ಅಮ್ಮನ ಮೇಲೆ ನಿಲ್ಲಲೇ ಇಲ್ಲ. ಪರದೆ ಅಷ್ಟು ದೊಡ್ಡದು. ಕಣ್ಣು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಮನೆಯಷ್ಟು ದೊಡ್ಡ ಮುಖಗಳು, ಕಣ್ಣು ಬಿಟ್ಟುಕೊಂಡು, ಅರೆನಗು ಇಟ್ಟುಕೊಂಡು, ಉಸಿರಿಲ್ಲದೆ ನಿಂತಿವೆ. ಹನ್ನೊಂದು ಸೆಕೆಂಡು. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಅಂದರು, ‘ಊಟಕ್ಕೆ ಐದು ಹೆಣ ಕೂರಿಸಿದ್ದೀವಲ್ಲಪ್ಪ.’

ಯಾರೂ ನಗಲಿಲ್ಲ. ಟಿವಿಯಲ್ಲಿ ಆರು ವರ್ಷ ಯಾರ ಕಣ್ಣಿಗೂ ಬೀಳದ್ದು ಬಿಟ್ಟರೆ ಇಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಫೋನಿಲ್ಲ, ಕುಕ್ಕರಿಲ್ಲ. ಪರದೆ ಒಂದೇ. ನೋಡುವವರು ಎಲ್ಲಿ ಬೇಕಾದರೂ ನೋಡುತ್ತಾರೆ.

ಅವತ್ತು ಮಧ್ಯಾಹ್ನದಿಂದ ಕೆಲಸದ ರೀತಿಯೇ ಬದಲಾಯಿತು. ಕೋಟಾ ವಾರಕ್ಕೆ 30 ಸೆಕೆಂಡಿನಿಂದ 8ಕ್ಕೆ ಇಳಿಯಿತು. ಸುಮ್ನೆ ನಿಂತವರಿಗೆಲ್ಲ ಜೀವ ಕೊಡಬೇಕು. ಇದು ಕೇಳಿದಷ್ಟು ಸಸಾರವಲ್ಲ. ಮೊದಲು ಎಲ್ಲರಿಗೂ ಬ್ಲಿಂಕ್ ಹಾಕಿದೆವು. ಒಂದು ರೆಪ್ಪೆ ಬಡಿತ ಅಂದರೆ ಐದಾರು ಫ್ರೇಮು, ಸುಲಭ. ಐದೂ ಜನ ಕಣ್ಣು ಮಿಟುಕಿಸತೊಡಗಿದರು. ನೋಡಿದರೆ ಮೇಜಿನ ತುಂಬ ಮಿಂಚುಹುಳ ಕೂತ ಹಾಗಿತ್ತು. ಅಮ್ಮನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಆಮೇಲೆ ಉಸಿರಾಟ ಹಾಕಿದೆವು, ಎದೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಎಲ್ಲರಿಗೂ ಅಸ್ತಮಾ ಬಂದಂತಾಯಿತು. ಲಾಸ್ ಏಂಜಲೀಸಿನಿಂದ ರೀಟೇಕ್ ಮೇಲೆ ರೀಟೇಕ್. ಅವರ ಟಿಪ್ಪಣಿ ಯಾವಾಗಲೂ ಒಂದೇ ಥರ: ಜೀವ ಇರಬೇಕು, ಗಮನ ಸೆಳೆಯಬಾರದು. ಹೇಳುವುದೇನೋ ಚೆನ್ನಾಗಿತ್ತು, ಮಾಡುವುದು ಹೇಗೆ?

ಮಾರ್ಚ್ ಬಂತು. 24ರ ರಾತ್ರಿ ಲಾಕ್‌ಡೌನ್ ಘೋಷಣೆ. ಫೋನ್ ಕೂಡ ಒಳಗೆ ತರಲು ಬಿಡದ ಜನ ಇದ್ದಕ್ಕಿದ್ದಂತೆ ಕಂಪ್ಯೂಟರನ್ನೇ ಮನೆಗೆ ಕಳಿಸಿದರು. ಯಾರೂ ಇಣುಕದ ಕೋಣೆಯಲ್ಲಿ ಕೆಲಸ ಮಾಡುತ್ತೇನೆ ಅಂತ ಇನ್ನೊಂದು ಸಹಿ. ರಾಜರಾಜೇಶ್ವರಿನಗರದ ನನ್ನ ಒಂದು ಕೋಣೆಯ ಮನೆಯಲ್ಲಿ ಇಣುಕಲು ಹಲ್ಲಿ ಬಿಟ್ಟರೆ ಯಾರೂ ಇರಲಿಲ್ಲ. ಅದೇ ಹೊತ್ತಿಗೆ ‘ಬಾಬ್ಸ್ ಬರ್ಗರ್ಸ್’ ಸಿನಿಮಾ ಮುಂದೆ ಹೋಯಿತು ಅನ್ನುವ ಸುದ್ದಿ ಓದಿದೆ. 2011ರಿಂದ ಟಿವಿಯಲ್ಲಿ ಓಡುತ್ತಿದ್ದ ಕಾರ್ಟೂನು, ಸಿನಿಮಾ 2020ರ ಜುಲೈಗೆ ಬರಬೇಕಿತ್ತು. ಕೊನೆಗೆ ಬಂದದ್ದು 2022ರ ಮೇ ತಿಂಗಳಲ್ಲಿ. ಅದನ್ನು ನೋಡಿದಾಗ ನಾನು ಕತೆ ನೋಡಲೇ ಇಲ್ಲ, ನೆರಳು ನೋಡಿದೆ. ಟಿವಿಯಲ್ಲಿ ಚಪ್ಪಟೆ ಬಣ್ಣವಿದ್ದ ಪಾತ್ರಗಳ ಮೇಲೆ ಅವರು ನೆರಳು ಬೀಳಿಸಿದ್ದರು. ನಾವೂ ಬೀಳಿಸಿದ್ದೆವು. ಮೂಗಿನ ಕೆಳಗೆ ಒಂದು ಗೆರೆ ನೆರಳು ಬಿದ್ದರೆ ಸಾಕು, ಸ್ಟಿಕ್ಕರಿನ ಹಾಗಿದ್ದ ಮುಖ ಒಂದು ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ. ಆದರೆ ಆ ಒಂದು ಗೆರೆ ತಲೆ ತಿರುಗಿದ ಪ್ರತಿ ಫ್ರೇಮಿನಲ್ಲೂ ತಿರುಗಬೇಕು. ಆ ಸಿನಿಮಾದ ಹೆಸರುಗಳ ಪಟ್ಟಿ ಓಡುವಾಗ, ಪಾಪ ಇವರೂ ಕಣ್ಣು ಕಳಕೊಂಡರಲ್ಲ ಅಂತ ಅನ್ನಿಸಿತು.

ಲಾಕ್‌ಡೌನಿನಲ್ಲಿ ಅಪ್ಪ ದಿನಾ ರಾತ್ರಿ ಫೋನ್ ಮಾಡುತ್ತಿದ್ದರು. ಮೇಳ ಇಲ್ಲ, ಕೂಟ ಇಲ್ಲ, ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಹಳೆಯ ತಾಳಮದ್ದಳೆಯ ವಿಡಿಯೊಗಳನ್ನು ನೋಡಿ ನನಗೂ ಕಳಿಸುತ್ತಿದ್ದರು. ಒಂದು ರಾತ್ರಿ ಊಟದ ಮೇಜಿನ ಶಾಟಿನ ಹನ್ನೊಂದನೆಯ ರೀಟೇಕ್ ಬಂದಿತ್ತು. ತಲೆ ಕೆಟ್ಟು, ಅಪ್ಪ ಕಳಿಸಿದ್ದನ್ನು ಹಚ್ಚಿದೆ. ಕರ್ಣ ಕೃಷ್ಣರ ಸಂವಾದ. ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಶಾಲು, ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು. ಕೃಷ್ಣ ಮಾತಾಡುತ್ತಿದ್ದಾನೆ, ಒಂದೇ ಸಮ ಹತ್ತು ನಿಮಿಷ. ನನ್ನ ಕಣ್ಣು ಕರ್ಣನ ಮೇಲಿದೆ.

ಕರ್ಣ ಏನೂ ಮಾಡುತ್ತಿಲ್ಲ. ಸುಮ್ನೆ ಕೂತಿದ್ದಾನೆ. ಹಿಂದೆ ಹೋಗಿ ಮತ್ತೆ ನೋಡಿದೆ. ಏನೂ ಮಾಡುತ್ತಿಲ್ಲ ಅನ್ನುವುದು ಸುಳ್ಳು. ಕೃಷ್ಣ ‘ಕೌಂತೇಯ’ ಅಂದಾಗ ಕರ್ಣನ ಕಣ್ಣು ಮಾತ್ರ ಅತ್ತ ಹೋಯಿತು, ತಲೆ ಹೋಗಲಿಲ್ಲ. ಎರಡು ಮಾತಾದ ಮೇಲೆ ತಲೆ ಹೋಯಿತು. ರೆಪ್ಪೆ ಬಡಿದದ್ದು ಮಾತಿನ ನಡುವೆ ಅಲ್ಲ, ಮಾತು ಒಂದು ತಿರುವು ತಗೊಂಡಾಗ. ಒಂದು ಕಡೆ ಶಾಲಿನ ತುದಿ ಸರಿಮಾಡಿಕೊಂಡ. ಅಲ್ಲಿ ಅವನಿಗೆ ಉತ್ತರ ಹೊಳೆದಿತ್ತು. ಆಮೇಲೆ ಮೂರು ನಿಮಿಷ ಅಲುಗಾಡಲಿಲ್ಲ. ಆದರೂ ಸತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದ.

ನಾವು ಗಡಿಯಾರ ಇಟ್ಟುಕೊಂಡು ಬ್ಲಿಂಕ್ ಹಾಕುತ್ತಿದ್ದೆವು. ಎರಡೂವರೆ ಸೆಕೆಂಡಿಗೊಂದು. ಅಮ್ಮ ಏನು ಹೇಳುತ್ತಿದ್ದಾಳೆ ಅಂತ ಮೇಜಿನ ಸುತ್ತಲಿನ ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವಳ ಬಾಯಿ ಯಾವ ಫ್ರೇಮಿನಲ್ಲಿ ಮುಚ್ಚುತ್ತದೆ ಅನ್ನುವುದಷ್ಟೇ ಗೊತ್ತಿತ್ತು. ಅವತ್ತು ರಾತ್ರಿ ಕೂತು ಆ ಡೈಲಾಗನ್ನು ಕನ್ನಡದಲ್ಲಿ ಬರೆದುಕೊಂಡೆ. ರಜೆಗೆ ಎಲ್ಲಿಗೆ ಹೋಗುವುದು ಅಂತ ಅವಳು ಹೇಳುತ್ತಿದ್ದಾಳೆ, ಮೇಲ್ನೋಟಕ್ಕೆ. ದೊಡ್ಡ ಮಗಳಿಗೆ ಆ ಮಾತು ಎಲ್ಲಿ ಚುಚ್ಚುತ್ತದೆ? ಅಲ್ಲಿ ಅವಳ ಕಣ್ಣು ತಟ್ಟೆಗೆ ಇಳಿಯಲಿ. ಅಪ್ಪನಿಗೆ ತಿಳಿಯುವುದು ಯಾವಾಗಲೂ ತಡ. ಎಲ್ಲರೂ ನೋಡಿಯಾದ ಮೇಲೆ ಅವನು ನೋಡಲಿ. ಚಿಕ್ಕವನಿಗೆ ಏನೂ ಅರ್ಥವಾಗುವುದಿಲ್ಲ. ಅವನು ಮಾತ್ರ ಪೂರ್ತಿ ಹೋಲ್ಡ್. ಮಜಾ ಅಂದರೆ, ಉಳಿದವರು ಬದುಕಿದ ಮೇಲೆ ಅವನ ಹೋಲ್ಡ್ ಜೋಕ್ ಆಯಿತು.

ಮೂರು ದಿನ ಹಿಡಿಯಿತು. ಕಳಿಸಿದೆ. ಮಾರನೆಯ ದಿನ ಬಂದ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಪದ, ಓಕೆ. ಹನ್ನೊಂದು ರೀಟೇಕ್ ಆದಮೇಲೆ ಆ ಓಕೆಗೆ ಇದ್ದ ತೂಕ ಬರೆದು ತಿಳಿಸಲು ಬರುವುದಿಲ್ಲ. ಅಪ್ಪನಿಗೆ ಹೇಳಿದೆ, ನಿಮ್ಮ ಕರ್ಣನಿಂದ ಪಾಸಾದೆ ಅಂತ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಅವನೆಂತ ಮಾಡಿದ್ದ ಅಲ್ಲಿ? ಮಾತು ಪೂರಾ ಕೃಷ್ಣಂದು’ ಅಂದರು. ತಾಳಮದ್ದಳೆಯವರ ಜೊತೆ ವಾದ ಮಾಡಬಾರದು.

ನಡುವೆ ಹೋದ ದೃಶ್ಯಗಳ ಲೆಕ್ಕ ಇಡಲಿಲ್ಲ. ಅಲ್ಲಿ ಆಯ್ದ ಜನರಿಗೆ ಸಿನಿಮಾ ತೋರಿಸಿ, ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಅಂತ ಬರೆದುಕೊಳ್ಳುತ್ತಾರೆ. ಕೆಮ್ಮಿದ ಕಡೆ ಕತ್ತರಿ. ನಾನು ಐದು ವಾರ ಮಾಡಿದ ಒಂದು ಮಳೆಯ ದೃಶ್ಯ ಒಂದು ಸೋಮವಾರ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಹೇಳಲೂ ಇಲ್ಲ. ಶಾಟಿನ ನಂಬರುಗಳು 612ರಿಂದ 640ಕ್ಕೆ ಹಾರಿದ್ದವು, ಅಷ್ಟೇ. ಒಂದು ದಿನ ಅತ್ತುಬಿಟ್ಟೆ ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ನನಗೆ ಹೊಸದು. ನಗುವಿಗೆ ಜಾಗ ಬಿಡುವುದು. ಮನೆಯಲ್ಲಿ ಒಬ್ಬರೇ ನೋಡುವಾಗ ಜೋಕಿನ ಹಿಂದೆ ಜೋಕು ಬರಬೇಕು, ಇಲ್ಲದಿದ್ದರೆ ಚಾನೆಲ್ ಬದಲಾಗುತ್ತದೆ. ಥಿಯೇಟರಿನಲ್ಲಿ ಮುನ್ನೂರು ಜನ ನಕ್ಕರೆ ಮುಂದಿನ ಸಾಲು ಮುಳುಗಿಹೋಗುತ್ತದೆ. ಹಾಗಾಗಿ ದೊಡ್ಡ ಜೋಕುಗಳ ಬೆನ್ನಿಗೆ ಒಂದು, ಒಂದೂವರೆ ಸೆಕೆಂಡು ಹೆಚ್ಚಿಗೆ ಬಿಟ್ಟರು. ಆ ಹೊತ್ತಿನಲ್ಲಿ ಪಾತ್ರಗಳು ಏನು ಮಾಡಬೇಕು? ಮತ್ತೆ ನಮ್ಮದೇ ಪಾಡು. ಮುದುಕ ಬೇಲಿ ದಾಟಿ ಬರುವ ಕಡೆ ಪೂರ್ತಿ ಎರಡು ಸೆಕೆಂಡು ಬಿಟ್ಟಿದ್ದರು. ಜನ ಅವನ ಕಾಲು ನೋಡಿ ಚಪ್ಪಾಳೆ ಹೊಡೆಯುತ್ತಾರೆ ಅಂತ ಲೆಕ್ಕ. ಆ ಎರಡು ಸೆಕೆಂಡಿನಲ್ಲಿ ನಾನು ಅವನಿಂದ ತನ್ನ ಕಾಲನ್ನು ತಾನೇ ಒಂದು ಸಲ ನೋಡಿಕೊಳ್ಳುವ ಹಾಗೆ ಮಾಡಿಸಿದೆ.

ಸಿನಿಮಾ ತಡವಾಗಿ ಬಂತು. ಬೆಂಗಳೂರಿನ ಒಂದು ಮಾಲ್‌ನಲ್ಲಿ, ದಿನಕ್ಕೊಂದೇ ಶೋ, ಬೆಳಗ್ಗೆ ಹತ್ತೂ ಹತ್ತಕ್ಕೆ. ನಾವು ಮೂವರು ಟಿಕೆಟ್ ತಗೊಂಡು ಹೋದೆವು. ಕೌಂಟರಿನಲ್ಲಿ ದುಡ್ಡು ಕೊಡುವಾಗ ಹೋಮರ್ ನೆನಪಾದ. ನಮ್ಮನ್ನು ಸೇರಿಸಿ ಒಂಬತ್ತು ಜನ ಇದ್ದೆವು. ಅದರಲ್ಲಿ ಒಂದು ಜೋಡಿ ಸಿನಿಮಾಕ್ಕೆ ಬಂದಿರಲಿಲ್ಲ, ಕತ್ತಲಿಗೆ ಬಂದಿತ್ತು.

ಊಟದ ಮೇಜಿನ ದೃಶ್ಯ ಬಂದಾಗ ನಾನು ಪರದೆ ನೋಡಲಿಲ್ಲ. ಎರಡು ಸಾಲು ಮುಂದೆ ಕೂತಿದ್ದ ಕನ್ನಡಕದ ಹುಡುಗಿಯನ್ನು ನೋಡಿದೆ. ಅವಳ ತಲೆ ಅಮ್ಮನ ಕಡೆಗೇ ಇತ್ತು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಮೂರು ದಿನದ ಕೆಲಸವನ್ನು ಅವಳು ನೋಡಲೇ ಇಲ್ಲ. ಅಂದರೆ ಸರಿಯಾಗಿತ್ತು. ಆದರೂ ಒಂದು ಸಲ ಆ ಮಗಳ ಕಣ್ಣು ತಟ್ಟೆಗೆ ಇಳಿಯುವುದನ್ನು ಯಾರಾದರೂ ನೋಡಬಾರದಿತ್ತೇ ಅನ್ನಿಸಿತು.

ಮುದುಕ ಎದ್ದ. ಬೇಲಿ ತೆರೆದ. ಕಂದು ಪ್ಯಾಂಟು, ಮೆತ್ತನೆ ಚಪ್ಪಲಿ. ಮುನ್ನೂರು ಜನರ ಚಪ್ಪಾಳೆಗೆ ಬಿಟ್ಟ ಎರಡು ಸೆಕೆಂಡು ಒಂಬತ್ತು ಜನರ ಮುಂದೆ ಎಷ್ಟು ಉದ್ದ ಅಂತ ಹೇಳಲಾರೆ. ಎಸಿಯ ಸದ್ದು ಕೇಳುತ್ತಿತ್ತು. ಮುದುಕ ತನ್ನ ಕಾಲು ನೋಡಿಕೊಂಡ. ಆಗ ಹಿಂದಿನಿಂದ ಒಬ್ಬರೇ ಒಬ್ಬರು, ದೊಡ್ಡ ದನಿಯಲ್ಲಿ, ‘ಹ್ಹಾ’ ಅಂದರು. ನನ್ನ ಪಕ್ಕದಲ್ಲಿದ್ದ ಗೆಳತಿ ನನ್ನ ಕೈ ಹಿಸುಕಿದಳು.

ಹೆಸರುಗಳ ಪಟ್ಟಿ ಶುರುವಾದ ಕೂಡಲೇ ದೀಪ ಹಾಕಿದರು. ಪೊರಕೆ ಹಿಡಿದ ಇಬ್ಬರು ಒಳಗೆ ಬಂದರು. ನಾವು ಎದ್ದು ನಿಂತು ಕಾಯುತ್ತಿದ್ದೆವು. ಬೆಂಗಳೂರಿನ ಪಟ್ಟಿ ಬರಲು ನಾಲ್ಕು ನಿಮಿಷ ಹಿಡಿಯಿತು. ನನ್ನ ಇನಿಷಿಯಲ್ ತಪ್ಪಾಗಿತ್ತು. ಫೋಟೊ ತೆಗೆಯುವಷ್ಟರಲ್ಲಿ ಮೇಲೆ ಹೋಯಿತು. ಗುಡಿಸುತ್ತಿದ್ದ ಹೆಂಗಸು ಪರದೆಯತ್ತ ನೋಡಿ, ನಮ್ಮತ್ತ ನೋಡಿ, ‘ಮುಗೀತಲ್ಲಮ್ಮ’ ಅಂದರು.

ಸೋಮವಾರ ಮತ್ತೆ ಟಿವಿ. ಹೊಸ ಸೀಸನ್, ಮೂರನೆಯ ಎಪಿಸೋಡು, ವಾರಕ್ಕೆ 30 ಸೆಕೆಂಡು. ಮೊದಲ ಶಾಟೇ ಊಟದ ಮೇಜು, ಆರು ಜನ. ಮುದುಕ ಮತ್ತೆ ಬೇಲಿಯ ಹಿಂದೆ ಹೋಗಿ ಕೂತಿದ್ದ, ಕಾಲಿನ ಲೇಯರ್ ಆಫ್ ಮಾಡಿದ್ದರು. ಅಪ್ಪ ಮಾತಾಡುತ್ತಿದ್ದ. ನಾನು ರೂಢಿಬಲದಲ್ಲಿ ದೊಡ್ಡ ಮಗಳ ಕಣ್ಣನ್ನು ಅವನತ್ತ ತಿರುಗಿಸಿ, ಒಂದು ಬ್ಲಿಂಕ್ ಹಾಕಿ ಕಳಿಸಿದೆ. ಮಧ್ಯಾಹ್ನ ನಮ್ಮ ತಂಡದ ಲೀಡ್ ಹತ್ತಿರ ಬಂದು ಮಾನಿಟರಿನ ಮೇಲೆ ಬೆರಳಿಟ್ಟರು.

‘ಇದ್ಯಾಕೆ?’

‘ಕೇಳಿಸಿಕೊಳ್ತಿದ್ದಾಳೆ’ ಅಂದೆ.

‘ಟಿವಿ ಇದು. ತೆಗಿ.’

ತೆಗೆದೆ.